ಬೇಸ್ ಗಿಟಾರ್ ಹಾರ್ಮೋನಿಯಂನಂತೆ ಕೇಳಿಸಿದರೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಬದಿಯಡ್ಕದ ಹತ್ತಿರ ನಮ್ಮ ಮನೆಯ ಅಟ್ಟದಲ್ಲಿ, ಅಡಿಕೆ ಗೋಣಿಗಳ ಪಕ್ಕದಲ್ಲಿ, ಒಂದು ಕಂಪ್ಯೂಟರು, ಒಂದು ಆಡಿಯೊ ಇಂಟರ್‌ಫೇಸು ಮತ್ತು 49 ಕೀಗಳ ಮಿಡಿ ಕೀಬೋರ್ಡು (ಯಾವ ಕೀಯನ್ನು ಎಷ್ಟು ಬಲದಿಂದ ಒತ್ತಿದೆವು ಎಂಬುದನ್ನು ಸಂಖ್ಯೆಗಳಾಗಿ ಕಂಪ್ಯೂಟರಿಗೆ ತಿಳಿಸುವಂಥದು) ಇವೆ. ಸುತ್ತಲಿನ ಭಜನಾ ಮಂದಿರಗಳ ಹಾಡುಗಳಿಗೆ, ಶಾಲೆಗಳ ಸಮೂಹಗಾನಕ್ಕೆ, ಒಮ್ಮೊಮ್ಮೆ ತುಳು ನಾಟಕಗಳಿಗೆ ಹಿನ್ನೆಲೆ ಸಂಗೀತ ಮಾಡಿಕೊಡುತ್ತೇನೆ. ಬೇಸ್ ಗಿಟಾರ್ ನುಡಿಸುವವರು ಬೇಕೆಂದರೆ ಮಂಗಳೂರಿಗೆ ಹೇಳಿ ಕಳುಹಿಸಬೇಕು. ಭಜನೆಯ ಖರ್ಚಿನಲ್ಲಿ ಅದು ನಡೆಯುವ ಮಾತಲ್ಲ. ಹಾಗಾಗಿ ಸ್ಯಾಂಪಲ್ ಲೈಬ್ರರಿಯೇ ಗತಿ: ಯಾರೋ ನಿಜವಾದ ಬೇಸ್ ಗಿಟಾರನ್ನು ಒಂದೊಂದೇ ಸ್ವರವಾಗಿ ನುಡಿಸಿ ಧ್ವನಿಮುದ್ರಿಸಿದ್ದಾರೆ, ಅದನ್ನು ನಾನು ಕೀಬೋರ್ಡಿನಲ್ಲಿ ಒತ್ತುತ್ತೇನೆ.

ಒಮ್ಮೆ ಮಂಗಳೂರಿನ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುವ ಒಬ್ಬರು ನೆಂಟರ ಮನೆಗೆ ಬಂದವರು ಅಟ್ಟವನ್ನೂ ಹತ್ತಿದರು. ನಾನು ಹೆಮ್ಮೆಯಿಂದ ಕೇಳಿಸಿದ ಹಾಡನ್ನು ಅರ್ಧ ಕೇಳಿ, "ಇದನ್ನು ನುಡಿಸಿದವರಿಗೆ ಎಡಗೈ ಎರಡಿವೆಯಾ ಮಾರಾಯರೇ?" ಎಂದು ಕೇಳಿದರು. ಸ್ಯಾಂಪಲ್ ಚೆನ್ನಾಗಿಯೇ ಇತ್ತು. ಕೈಯೇ ಇರಲಿಲ್ಲ. ಆ ದಿನದಿಂದ ಬೇಸ್ ಸರಿ ಕೇಳಿಸದಿದ್ದಾಗಲೆಲ್ಲ ಮೂರು ಪ್ರಶ್ನೆ ಹಾಕಿಕೊಳ್ಳುತ್ತೇನೆ: ಈ ಸ್ವರ ಯಾವ ತಂತಿಯ ಮೇಲಿದೆ, ಯಾವ ಬೆರಳು ಮೀಟಿತು, ಬೆರಳು ಯಾವಾಗ ಎದ್ದಿತು? ಕೆಳಗಿರುವುದೆಲ್ಲ ಆ ಪ್ರಶ್ನೆಗಳನ್ನು ಹಿಡಿದು ದೋಷ ಹುಡುಕಿದ ಅನುಭವ.

ಮೊದಲು ಹಾಡನ್ನು ಬದಿಗಿಡಿ

ಹಾಡಿನ ನಡುವೆ ದೋಷ ಹುಡುಕಬೇಡಿ. ತಬಲಾ, ತಾಳ, ಹಾರ್ಮೋನಿಯಂ ಎಲ್ಲ ಸೇರಿ ಅರ್ಧ ತಪ್ಪನ್ನು ಮುಚ್ಚುತ್ತವೆ, ಇಲ್ಲದ ತಪ್ಪನ್ನು ತೋರಿಸುತ್ತವೆ. ಖಾಲಿ ಪ್ರಾಜೆಕ್ಟ್ ತೆರೆದು ಬೇಸ್ ಒಂದನ್ನೇ ಹಾಕಿ. ರಿವರ್ಬ್, ಕಂಪ್ರೆಸರ್, ಆಂಪ್ಲಿಫೈಯರ್ ನಕಲು ಮಾಡುವ ಪ್ಲಗಿನ್ ಎಲ್ಲವನ್ನೂ ಆರಿಸಿ. ತಂತಿ ಇರುವ ಹೆಡ್‌ಫೋನ್ ಹಾಕಿಕೊಳ್ಳಿ. ಬ್ಲೂಟೂತ್ ಬೇಡ, ಅದು ತಡವಾಗಿ ಕೇಳಿಸುತ್ತದೆ, ಆ ತಡವನ್ನು ನೀವು ಲೈಬ್ರರಿಯ ತಲೆಗೆ ಕಟ್ಟುತ್ತೀರಿ.

ಮೊದಲ ಪರೀಕ್ಷೆ ಮಿಡಿ ಸಂಖ್ಯೆಯದ್ದು. ನಾಲ್ಕು ತಂತಿಯ ಬೇಸಿನ ಅತಿ ಕೆಳಗಿನ ಸ್ವರ ಇ (E), ಸುಮಾರು 41 ಹರ್ಟ್ಸ್, ಮಿಡಿ ಸಂಖ್ಯೆ 28. ಕೆಲವು ತಂತ್ರಾಂಶಗಳು ಇದನ್ನು ಇ1 ಎಂದು, ಕೆಲವು ಇ0 ಎಂದು ಬರೆಯುತ್ತವೆ. ಮಧ್ಯದ ಸಿ ಸ್ವರವನ್ನು ಸಿ3 ಎನ್ನಬೇಕೋ ಸಿ4 ಎನ್ನಬೇಕೋ ಎಂಬುದರಲ್ಲಿ ಒಮ್ಮತ ಇಲ್ಲದಿರುವುದೇ ಇದಕ್ಕೆ ಕಾರಣ. ಮೇಲಾಗಿ ಬೇಸ್ ಗಿಟಾರಿನ ಸ್ವರಲಿಪಿಯನ್ನು ನಿಜವಾದ ಧ್ವನಿಗಿಂತ ಒಂದು ಸ್ಥಾಯಿ ಮೇಲೆ ಬರೆಯುವ ಪದ್ಧತಿ ಇದೆ. "ಬೇಸ್ ತೆಳ್ಳಗೆ ಕೇಳಿಸುತ್ತದೆ, ಗಿಟಾರಿನ ಹಾಗಿದೆ" ಎಂಬ ದೂರು ಬಂದರೆ ಹೆಸರನ್ನು ನಂಬದೆ ಸಂಖ್ಯೆ ನೋಡಿ. 28ಕ್ಕೆ ಬದಲು 40ರಿಂದ ನುಡಿಸುತ್ತಿದ್ದರೆ ಇಡೀ ಸಾಲು ಒಂದು ಸ್ಥಾಯಿ ಮೇಲೆ ಕುಳಿತಿದೆ ಎಂದರ್ಥ. ಎಷ್ಟೋ ಸಲ ದೋಷ ಇಷ್ಟೇ.

ಬಡಗಿಯ ಸುತ್ತಿಗೆಯ ಹಾಗೆ ಟಕ್ ಟಕ್ ಎಂದರೆ

ಒಂದೇ ಸ್ವರವನ್ನು ಎಂಟು ಸಲ ಹೊಡೆದಾಗ ಎಂಟೂ ಅಚ್ಚೊತ್ತಿದಂತೆ ಒಂದೇ ಆಗಿ ಕೇಳಿಸಿದರೆ, ಲೈಬ್ರರಿ ಒಂದೇ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಹಾಕುತ್ತಿದೆ. ಮನುಷ್ಯ ಒಂದೇ ತಂತಿಯನ್ನು ಎರಡು ಸಲ ಒಂದೇ ರೀತಿ ಮೀಟುವುದಿಲ್ಲ. ಅದಕ್ಕಾಗಿ ಒಳ್ಳೆಯ ಲೈಬ್ರರಿಗಳು ಒಂದು ಸ್ವರಕ್ಕೆ ಮೂರು ನಾಲ್ಕು ಬೇರೆ ಬೇರೆ ಮುದ್ರಣ ಇಟ್ಟುಕೊಂಡು ಸರದಿಯಲ್ಲಿ ನುಡಿಸುತ್ತವೆ. ಇದನ್ನು ರೌಂಡ್ ರಾಬಿನ್ ಎನ್ನುತ್ತಾರೆ.

ಕಿವಿಗೆ ಅನುಮಾನ ಬಂದರೆ ಹೀಗೆ ಖಚಿತ ಮಾಡಿಕೊಳ್ಳಬಹುದು. ಒಂದೇ ವೆಲಾಸಿಟಿಯಲ್ಲಿ (ಕೀ ಒತ್ತಿದ ಬಲದ ಅಂಕಿ), ಸರಿಯಾಗಿ ಗ್ರಿಡ್ಡಿನ (ತಾಳದ ಗೆರೆಗಳ) ಮೇಲೆ ಎರಡು ಸ್ವರ ಇಟ್ಟು ಆಡಿಯೊ ಫೈಲಾಗಿ ತೆಗೆಯಿರಿ. ಎರಡನ್ನೂ ಕತ್ತರಿಸಿ, ಎರಡು ಟ್ರ್ಯಾಕುಗಳಲ್ಲಿ ಒಂದರ ಕೆಳಗೆ ಒಂದು ಇಟ್ಟು, ಒಂದರ ಪೊಲಾರಿಟಿ ತಿರುಗಿಸಿ (ಧ್ವನಿಯ ಅಲೆಯನ್ನು ತಲೆಕೆಳಗು ಮಾಡಿ) ನುಡಿಸಿ. ಪೂರ್ತಿ ನಿಶ್ಶಬ್ದವಾದರೆ ಎರಡೂ ಒಂದೇ ಮುದ್ರಣ. ಏನಾದರೂ ಗೊಣಗಾಟ ಉಳಿದರೆ ಬೇರೆ ಬೇರೆ ಇರಬೇಕು. ಕೋರಸ್‌ನಂಥ ಅಲುಗಾಡುವ ಎಫೆಕ್ಟ್ ಆನ್ ಇದ್ದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ.

ಸರದಿಯೇ ಇಲ್ಲದ ಲೈಬ್ರರಿ ಆದರೆ ಬಡವನ ಉಪಾಯವೊಂದಿದೆ: ನಡುನಡುವಿನ ಕೆಲವು ಸ್ವರಗಳನ್ನು ಅರ್ಧ ಸ್ವರ ಮೇಲಿನ ಕೀಯಲ್ಲಿ ಹೊಡೆದು, ಪಿಚ್ ಬೆಂಡಿನಿಂದ ಅರ್ಧ ಸ್ವರ ಇಳಿಸುವುದು. ಪಕ್ಕದ ಕೀಗೆ ಬೇರೆ ಮುದ್ರಣ ಇದ್ದರೆ ಮಾತ್ರ ಇದರಿಂದ ಪ್ರಯೋಜನ. ಒಂದೇ ಮುದ್ರಣವನ್ನು ಮೂರು ಕೀಗಳಿಗೆ ಎಳೆದು ಹಾಸಿದ್ದರೆ ಗುಡ್ಡ ಅಗೆದು ಇಲಿ ಹಿಡಿದಂತೆ.

ವೆಲಾಸಿಟಿ

ಒಂದೇ ಸ್ವರವನ್ನು 10, 20, 30 ಎಂದು 127ರ ವರೆಗೆ ಏರಿಸುತ್ತ ಹೊಡೆಯಿರಿ. ಧ್ವನಿ ಮೆಲ್ಲಗೆ ಏರುತ್ತ ಹೋಗಿ ಎಲ್ಲೋ ಒಂದು ಕಡೆ ಗಕ್ಕನೆ ಬಣ್ಣ ಬದಲಿಸುತ್ತದೆ. ಅಲ್ಲಿ ಒಂದು ಪದರ (ಒಂದೇ ಬಲದಲ್ಲಿ ಮೀಟಿ ಮುದ್ರಿಸಿದ ಧ್ವನಿ) ಮುಗಿದು ಇನ್ನೊಂದು ಶುರುವಾಗಿದೆ. ಆ ಸಂಖ್ಯೆಗಳನ್ನು ಬರೆದಿಡಿ. ನಿಮ್ಮ ಸಾಲು ಆ ಗಡಿಯ ಮೇಲೆಯೇ ಓಲಾಡುತ್ತಿದ್ದರೆ, ಒಂದು ಸ್ವರ ಮೃದು, ಮುಂದಿನದು ಲೋಹ ಬಡಿದಂತೆ ಎಂದು ಕೇಳಿಸುತ್ತದೆ. ಎಲ್ಲವನ್ನೂ ಗಡಿಯ ಒಂದೇ ಬದಿಗೆ ತಳ್ಳಿದರೆ ಕಾಯಿಲೆ ಹೋಗುತ್ತದೆ.

ಇನ್ನೊಂದು ಅಭ್ಯಾಸ, ನನ್ನಲ್ಲೂ ಇತ್ತು: ಬೇಸ್ ಗಟ್ಟಿಯಾಗಿ ಬರಲಿ ಎಂದು ಎಲ್ಲವನ್ನೂ 115ರ ಮೇಲೆ ಹೊಡೆಯುವುದು. ಮೇಲಿನ ಪದರದಲ್ಲಿ ಸಾಮಾನ್ಯವಾಗಿ ತಂತಿ ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ) ತಾಗಿ ಕಿರುಗುಡುವ ಸದ್ದು ಇರುತ್ತದೆ. ಅದು ಒಂದು ಸಾಲಿನಲ್ಲಿ ಒಮ್ಮೆ ಚೆನ್ನ, ಪ್ರತಿ ಸ್ವರಕ್ಕೂ ಬಂದರೆ ಜಗಳದ ಹಾಗೆ. ನಾನು ಈಗ 70ರಿಂದ 95ರ ನಡುವೆ ಇಟ್ಟು, ಗಟ್ಟಿ ಬೇಕಾದರೆ ಫೇಡರ್ ಏರಿಸುತ್ತೇನೆ. ತಂತ್ರಾಂಶದಲ್ಲಿ ವೆಲಾಸಿಟಿಯನ್ನು ಮನಸ್ಸಿಗೆ ಬಂದಂತೆ ಚೆದುರಿಸುವ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಬೇಡಿ. ಮನುಷ್ಯನ ಏರಿಳಿತಕ್ಕೆ ಕಾರಣವಿರುತ್ತದೆ: ತಾಳದ ಮೊದಲ ಪೆಟ್ಟು ಗಟ್ಟಿ, ತೋರುಬೆರಳು ಮತ್ತು ನಡುಬೆರಳು ಸರದಿಯಲ್ಲಿ ಮೀಟುವುದರಿಂದ ಒಂದು ಸ್ವಲ್ಪ ಬಲ, ಮುಂದಿನದು ಸ್ವಲ್ಪ ಬಲಹೀನ. ಕಾರಣವಿಲ್ಲದ ಏರಿಳಿತ ಕುಡಿದವನ ನಡಿಗೆಯಂತೆ ಕೇಳಿಸುತ್ತದೆ.

ಸ್ವರದ ಬಾಲ

ನನ್ನ ಅನುಭವದಲ್ಲಿ ಬಹುಪಾಲು ದೋಷ ಇರುವುದು ಇಲ್ಲಿ, ಸ್ವರ ಮುಗಿಯುವ ಜಾಗದಲ್ಲಿ. ಕೀಬೋರ್ಡಿನವರಾದ ನಾವು ಹುಟ್ಟಿನ ಬಗ್ಗೆ ಯೋಚಿಸುತ್ತೇವೆ, ಸಾವಿನ ಬಗ್ಗೆ ಯೋಚಿಸುವುದಿಲ್ಲ. ಮದ್ದಳೆಯವರನ್ನು ನೋಡಿ: ಪೆಟ್ಟು ಎಷ್ಟು ಮುಖ್ಯವೋ ಅಂಗೈಯಿಂದ ಅದರ ಗುಂಗನ್ನು ಮುಚ್ಚುವುದು ಅಷ್ಟೇ ಮುಖ್ಯ. ಬೇಸಿನವರೂ ಹಾಗೆಯೇ. ಒಂದೇ ತಂತಿಯಲ್ಲಿ ಮುಂದಿನ ಸ್ವರ ಮೀಟಬೇಕಾದರೆ ಬಲಗೈ ಬೆರಳು ಮೊದಲು ತಂತಿಯನ್ನು ಮುಟ್ಟಬೇಕು. ಮುಟ್ಟಿದ ಕೂಡಲೇ ಹಳೆಯ ಸ್ವರ ಸತ್ತುಹೋಗುತ್ತದೆ. ಎಡಗೈ ಒಂದು ಫ್ರೆಟ್ಟಿನಿಂದ ಇನ್ನೊಂದಕ್ಕೆ ಹೋಗುವಾಗಲೂ ಕಣ್ಣು ಮಿಟುಕಿಸುವಷ್ಟು ಹೊತ್ತು ಮೌನ ಇರುತ್ತದೆ. ಹಾರ್ಮೋನಿಯಂನಲ್ಲಿ ಆ ಮೌನ ಬೇಕಿಲ್ಲ, ಒಂದು ಕೀ ಬಿಡುವ ಮೊದಲೇ ಇನ್ನೊಂದನ್ನು ಒತ್ತುತ್ತೇವೆ. ಬೇಸ್ ಸಾಲನ್ನೂ ಅದೇ ಕೈಯಿಂದ ನುಡಿಸಿದ್ದಕ್ಕೇ ಅದು ಹಾರ್ಮೋನಿಯಂ ಆಯಿತು.

ಸ್ವರಗಳನ್ನು ಅಡ್ಡಪಟ್ಟಿಗಳಾಗಿ ತೋರಿಸುವ ಪಿಯಾನೊ ರೋಲ್ ತೆರೆದು ಅವುಗಳ ಬಲಗಡೆಯ ಅಂಚನ್ನು ಮಾತ್ರ ನೋಡುತ್ತ ಹೋಗಿ. ಎಡ ಅಂಚನ್ನು ಮರೆತುಬಿಡಿ. ಒಂದೇ ತಂತಿಯಲ್ಲಿ ಬರುವ ಸ್ವರಗಳ ನಡುವೆ ನಾನು 20ರಿಂದ 40 ಮಿಲಿಸೆಕೆಂಡು ಜಾಗ ಬಿಡುತ್ತೇನೆ. ನಿಮಿಷಕ್ಕೆ 100 ಪೆಟ್ಟಿನ ಲಯದಲ್ಲಿ ಒಂದು ಪೆಟ್ಟು 600 ಮಿಲಿಸೆಕೆಂಡು, ಅದರ ಕಾಲು ಭಾಗ 150. ಪೆಟ್ಟಿಗೆ 960 ಟಿಕ್ ಇರುವ ತಂತ್ರಾಂಶದಲ್ಲಿ 30 ಮಿಲಿಸೆಕೆಂಡು ಅಂದರೆ 48 ಟಿಕ್. ತಂತಿ ಬದಲಾಗುವಲ್ಲಿ ಅಷ್ಟು ಜಾಗ ಬೇಡ, ಹಿಂದಿನದು ಮುಂದಿನದಕ್ಕೆ ತಾಗಿಯೇ ಇರಬಹುದು.

ಇದಕ್ಕೆ ಅಂಟಿಕೊಂಡಿರುವ ಇನ್ನೊಂದು ಲಕ್ಷಣ: ಕೆಲವು ಸ್ವರಗಳಿಗೆ ತಲೆಯೇ ಇಲ್ಲ, ಮೀಟಿದ ಸದ್ದಿಲ್ಲದೆ ಜಾರಿಕೊಂಡು ಬರುತ್ತವೆ. ಲೈಬ್ರರಿ ಲೆಗಾಟೊದಲ್ಲಿ ಇದೆ ಎಂದು ಅರ್ಥ. ಎರಡು ಸ್ವರ ಒಂದರ ಮೇಲೊಂದು ಬಿದ್ದರೆ ಅದು "ಇಲ್ಲಿ ಹ್ಯಾಮರ್-ಆನ್ ಬೇಕು" ಎಂದು ತಿಳಿದುಕೊಂಡು, ಮೀಟದೆ ಎಡಗೈ ಬೆರಳನ್ನು ಬಡಿದ ಧ್ವನಿಯನ್ನು ಹಾಕುತ್ತದೆ. ಒಂದೇ ಒಂದು ಟಿಕ್ ಮೇಲೆ ಬಿದ್ದರೂ ಸಾಕು. "ನಾನು ಬಿಡಿಬಿಡಿಯಾಗಿಯೇ ನುಡಿಸಿದ್ದೆನಲ್ಲ" ಎನ್ನುತ್ತೀರಿ. ಆಮೇಲೆ ಕ್ವಾಂಟೈಸ್ ಒತ್ತಿದ್ದೀರಿ. ಅನೇಕ ತಂತ್ರಾಂಶಗಳಲ್ಲಿ ಅದು ಸ್ವರದ ಆರಂಭವನ್ನು ಮಾತ್ರ ಗ್ರಿಡ್ಡಿಗೆ ಎಳೆಯುತ್ತದೆ, ಬಾಲವನ್ನು ಗ್ರಿಡ್ಡಿಗೆ ಹೊಂದಿಸುವುದಿಲ್ಲ. ತಡವಾಗಿ ನುಡಿಸಿದ ಸ್ವರ ಹಿಂದಕ್ಕೆ ಸರಿದು ಹಿಂದಿನದರ ಬಾಲವನ್ನು ತುಳಿಯುತ್ತದೆ. ಕ್ವಾಂಟೈಸ್ ಮಾಡಿದ ಮೇಲೆ ಬಾಲಗಳನ್ನು ಕತ್ತರಿಸುವ ಕೆಲಸ ಇದ್ದೇ ಇದೆ.

ಎಲ್ಲ ಸ್ವರಗಳೂ ಒಂದರೊಳಗೊಂದು ಕಲಸಿ ಗಂಜಿಯಾಗಿದ್ದರೆ ಮಾತ್ರ ಬೇರೆ ಕಾರಣ: ಸಸ್ಟೇನ್ ಪೆಡಲ್. ಕಂಟ್ರೋಲರ್ 64ರ ಸಾಲನ್ನು ತೆರೆದು ನೋಡಿ. ಅದು 64 ಅಥವಾ ಮೇಲೆ ಇದ್ದರೆ ಪೆಡಲ್ ಒತ್ತಿದಂತೆ ಲೆಕ್ಕ. ಪೆಡಲ್ ಒತ್ತಿರುವಾಗಲೇ ರೆಕಾರ್ಡಿಂಗ್ ನಿಲ್ಲಿಸಿದರೆ ಒತ್ತಿದ್ದು ದಾಖಲಾಗಿರುತ್ತದೆ, ಬಿಟ್ಟದ್ದು ಇರುವುದಿಲ್ಲ. ಪೆಡಲ್ ಮೇಲೆ ಕಾಲಿಟ್ಟುಕೊಂಡು ಕೀಬೋರ್ಡ್ ಆನ್ ಮಾಡಿದರೆ ಕೆಲವು ಕೀಬೋರ್ಡುಗಳಲ್ಲಿ ಪೆಡಲ್ ತಿರುಗುಮುರುಗಾಗುವುದೂ ಉಂಟು.

ಯಾವ ತಂತಿ?

ವೀಣೆ ಕಲಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾರಣಿ ತಂತಿಯನ್ನು ಬಿಟ್ಟು ಮೀಟಿದಾಗ ಬರುವ ಷಡ್ಜವೇ ಪಂಚಮ ತಂತಿಯ ಐದನೇ ಮೆಟ್ಟಿಲಿನಲ್ಲೂ ಸಿಗುತ್ತದೆ. ಶ್ರುತಿ ಒಂದೇ, ಮೈಬಣ್ಣ ಬೇರೆ. ಬೇಸ್ ಗಿಟಾರಿನ ನಾಲ್ಕು ತಂತಿಗಳೂ ಒಂದರಿಂದ ಒಂದಕ್ಕೆ ಷಡ್ಜದಿಂದ ಶುದ್ಧ ಮಧ್ಯಮದಷ್ಟು ಅಂತರದಲ್ಲಿವೆ: ಇ, ಎ, ಡಿ, ಜಿ. ಜಿ ತಂತಿಯನ್ನು ಬಿಟ್ಟು ಮೀಟಿದರೆ ಬರುವ 98 ಹರ್ಟ್ಸ್‌ನ ಸ್ವರ ಡಿ ತಂತಿಯ ಐದನೇ ಫ್ರೆಟ್ಟಿನಲ್ಲಿ, ಎ ತಂತಿಯ ಹತ್ತನೆಯದರಲ್ಲಿ, ಇ ತಂತಿಯ ಹದಿನೈದನೆಯದರಲ್ಲೂ ಇದೆ. ಬಿಟ್ಟ ತಂತಿಯಲ್ಲಿ ತೆಳುವಾಗಿ, ಬೆಳ್ಳಗೆ. ದಪ್ಪ ತಂತಿಯ ಮೇಲುಗಡೆ ಒತ್ತಿದಾಗ ಮಂದವಾಗಿ, ದುಂಡಗೆ. ಲೈಬ್ರರಿಗೆ ಹೇಳದಿದ್ದರೆ ಅದು ತನ್ನ ಲೆಕ್ಕದಲ್ಲಿ ತಂತಿ ಆರಿಸುತ್ತದೆ, ಆಗ ಒಂದೇ ಸಾಲಿನ ನಡುವೆ ಧ್ವನಿಯ ಬಣ್ಣ ಹಾರುತ್ತದೆ. "ನಡುವಿನ ಒಂದು ಸ್ವರ ಮಾತ್ರ ಬೇರೆ ಯಾರೋ ನುಡಿಸಿದ ಹಾಗಿದೆ" ಎಂಬ ದೂರಿಗೆ ಇದೇ ಮೂಲ. ತಂತಿ ಅಥವಾ ಕೈಯ ಸ್ಥಾನ ಆರಿಸುವ ಸೌಲಭ್ಯ ಲೈಬ್ರರಿಯಲ್ಲಿದ್ದರೆ ಹುಡುಕಿ ಬಳಸಿ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗುವುದು ಬರುವುದಕ್ಕಿಂತ ನಿಯಮಿತ. ಆಗ ಅಟ್ಟದ ಕಿಟಕಿಯ ಬಳಿ ಕುಳಿತು ಕಾಗದದಲ್ಲಿ ನಾಲ್ಕು ಗೆರೆ ಎಳೆದು, ಬೇಸ್ ಸಾಲಿನ ಪ್ರತಿ ಸ್ವರಕ್ಕೂ ತಂತಿ ಮತ್ತು ಫ್ರೆಟ್ಟಿನ ಸಂಖ್ಯೆ ಬರೆಯುತ್ತೇನೆ. ಷಡ್ಜ ಇ ಆದರೆ: ಮಂದ್ರ ಸ ಬಿಟ್ಟ ಇ ತಂತಿ, ಪ ಎ ತಂತಿಯ ಎರಡನೇ ಫ್ರೆಟ್, ಮೇಲಿನ ಸ ಡಿ ತಂತಿಯ ಎರಡನೇ ಫ್ರೆಟ್, ಚತುಶ್ರುತಿ ಧೈವತ ಎ ತಂತಿಯ ನಾಲ್ಕನೆಯದು. ಎಲ್ಲವೂ ಒಂದು ಅಂಗೈಯ ಅಳತೆಯೊಳಗೆ. ಕೈ ಅಲ್ಲಾಡಿಸದೆ ನುಡಿಸಬಹುದಾದ ಇಂಥ ಸಾಲು ಹೆಚ್ಚು ತೊಂದರೆ ಕೊಡುವುದಿಲ್ಲ.

ತೊಂದರೆ ಕೊಟ್ಟದ್ದು ಮಂಗಳೂರಿನವರು ನಕ್ಕ ಆ ಸಾಲು. ಅದರಲ್ಲಿ ಇ ತಂತಿಯ ಒಂದನೇ ಫ್ರೆಟ್ಟಿನಿಂದ ಜಿ ತಂತಿಯ ಹನ್ನೆರಡನೆಯದಕ್ಕೆ, ಕಾಲು ಪೆಟ್ಟಿನೊಳಗೆ, ನಾನು ಹಾರಿದ್ದೆ. ಕೀಬೋರ್ಡಿನಲ್ಲಿ ಅದು ಎರಡು ಕೈಗಳ ಕೆಲಸ, ಸುಲಭ. ಸಾಮಾನ್ಯ ಬೇಸ್ ಗಿಟಾರಿನಲ್ಲಿ ತಂತಿಯ ಉದ್ದ 34 ಇಂಚು. ಒಂದನೇ ಫ್ರೆಟ್ಟಿನಿಂದ ಹನ್ನೆರಡಕ್ಕೆ ಸುಮಾರು 38 ಸೆಂಟಿಮೀಟರು, ಅಂದರೆ ಒಂದೂಕಾಲು ಅಡಿ. 150 ಮಿಲಿಸೆಕೆಂಡಿನಲ್ಲಿ ಅಷ್ಟು ದೂರ ಕೈ ಹಾರಿ, ಸರಿಯಾಗಿ ಒತ್ತಿ, ಮೊದಲಿನ ಸ್ವರವನ್ನೂ ಪೂರ್ತಿ ಹಿಡಿದುಕೊಂಡಿರಬೇಕು! ಕೇಳುವವರಿಗೆ ಫ್ರೆಟ್ಟಿನ ಲೆಕ್ಕ ಗೊತ್ತಿಲ್ಲದಿದ್ದರೂ ಏನೋ ಸುಳ್ಳಿದೆ ಎಂದು ಕಿವಿಗೆ ತಿಳಿಯುತ್ತದೆ. ಇಂಥಲ್ಲಿ ಎರಡೇ ದಾರಿ: ಮೇಲಿನ ಸ್ವರವನ್ನು ಹತ್ತಿರಕ್ಕೆ ತರುವುದು, ಅಥವಾ ಕೆಳಗಿನದನ್ನು ಬೇಗ ಬಿಟ್ಟು ಕೈಗೆ ಹೊತ್ತು ಕೊಡುವುದು.

ಚರಣದಲ್ಲಿ ಮಾಯವಾದ ಷಡ್ಜ

ಒಂದು ಸಂಜೆಯನ್ನೇ ತಿಂದ ದೋಷ ಇದು, ಹಾಗಾಗಿ ವಿವರವಾಗಿ ಹೇಳುತ್ತೇನೆ. ಭಜನೆಯೊಂದನ್ನು ಬಿಳಿ ಮೂರರಲ್ಲಿ, ಅಂದರೆ ಇ ಶ್ರುತಿಯಲ್ಲಿ ಸಿದ್ಧಪಡಿಸಿದ್ದೆ. ಹಾಡಲು ಬಂದ ಟೀಚರ್ ಎರಡು ಸಾಲು ಹಾಡಿ, "ಅರ್ಧ ಮನೆ ಇಳಿಸಿದರೆ ಒಳ್ಳೆಯದಿತ್ತಣ್ಣ, ಕಪ್ಪು ಎರಡು ಸಾಕು" ಎಂದರು. ಅದಕ್ಕೇನು ಎಂದು ಎಲ್ಲ ಮಿಡಿ ಟ್ರ್ಯಾಕುಗಳನ್ನೂ ಆಯ್ದು ಒಂದು ಅರ್ಧ ಸ್ವರ ಕೆಳಗೆ ತಳ್ಳಿದೆ. ಪಲ್ಲವಿ ಸರಿಯಾಗಿಯೇ ಬಂತು. ಚರಣದ ಮೊದಲ ಪೆಟ್ಟಿನಲ್ಲಿ ಬೇಸ್ ಬರಲೇ ಇಲ್ಲ. ಅದರ ಮುಂದಿನ ಸ್ವರದಿಂದ ಹಾಡಿನ ಕೊನೆಯ ವರೆಗೆ ಚಟ್ ಚಟ್ ಎಂದು ಹೆಬ್ಬೆರಳಿನಿಂದ ಬಡಿಯುವ ಸ್ಲ್ಯಾಪ್ ಧ್ವನಿ. ದೇವರ ನಾಮಕ್ಕೆ ಡಿಸ್ಕೊ.

ನಾನು ಮಾಡಿದ ಮೊದಲ ಕೆಲಸವೇ ತಪ್ಪು: ಲೈಬ್ರರಿ ಕೆಟ್ಟಿದೆ ಎಂದು ಅಳಿಸಿ ಮತ್ತೆ ಹಾಕಿದೆ. ಒಂದು ಗಂಟೆ ಹೋಯಿತು, ಸ್ಲ್ಯಾಪ್ ಹೋಗಲಿಲ್ಲ. ಟೀಚರು ಚಹಾ ಕುಡಿದು, ಎರಡನೇ ಸಲವೂ ಕುಡಿದರು. ಕೊನೆಗೆ ಪರದೆಯ ಮೇಲಿನ ಕೀಬೋರ್ಡ್ ಚಿತ್ರವನ್ನು ನೋಡುತ್ತ ಚರಣವನ್ನು ನಿಧಾನ ಲಯದಲ್ಲಿ ಓಡಿಸಿದಾಗ ಗೊತ್ತಾಯಿತು. ಮೊದಲ ಪೆಟ್ಟಿಗೆ ಕೆಂಪು ಬಣ್ಣದ ಕೀಯೊಂದು ಒತ್ತಿಕೊಳ್ಳುತ್ತಿತ್ತು. ನನ್ನ ಲೈಬ್ರರಿಯಲ್ಲಿ 28ರ ಕೆಳಗಿನ ನಾಲ್ಕು ಕೀಗಳು ಧ್ವನಿ ಮಾಡುವುದಿಲ್ಲ, ನುಡಿಸುವ ಬಗೆಯನ್ನು ಬದಲಿಸುತ್ತವೆ. ಅವು ಕೀಸ್ವಿಚ್‌ಗಳು: 24 ಬೆರಳಿನಿಂದ ಮೀಟುವುದು, 25 ಅಂಗೈ ಮುಚ್ಚಿ ಮೀಟುವುದು, 26 ಸತ್ತ ಸ್ವರ (ಶ್ರುತಿಯಿಲ್ಲದ ಡಬ್ ಎಂಬ ಸದ್ದು), 27 ಸ್ಲ್ಯಾಪ್. ಪಲ್ಲವಿಯಲ್ಲಿ ನಾನು ಮೇಲಿನ ಷಡ್ಜವನ್ನೇ ಬಳಸಿದ್ದೆ, ಅದು 40ರಿಂದ 39ಕ್ಕೆ ಇಳಿದು ಸುಮ್ಮನಿತ್ತು. ಚರಣದ ಮಂದ್ರ ಷಡ್ಜ 28ರಿಂದ 27ಕ್ಕೆ ಇಳಿದಾಗ ಸ್ವರವಾಗಿ ಉಳಿಯಲಿಲ್ಲ, ಸ್ವಿಚ್ಚಾಯಿತು. ಆರಂಭದಲ್ಲಿ ಇಟ್ಟಿದ್ದ 24 ಕೂಡ 23ಕ್ಕೆ ಇಳಿದು ಎಲ್ಲೂ ಇಲ್ಲದಂತಾಗಿತ್ತು.

ಕೀಸ್ವಿಚ್‌ಗಳನ್ನು ಬೇರೆ ಟ್ರ್ಯಾಕಿಗೆ ಸಾಗಿಸಿ, ಶ್ರುತಿ ಬದಲಿಸುವಾಗ ಅದನ್ನು ಮುಟ್ಟದಿರುವುದು ಒಂದು ಪರಿಹಾರ. ಆದರೂ ಮಂದ್ರ ಷಡ್ಜದ ಸಮಸ್ಯೆ ಉಳಿಯುತ್ತದೆ, ಯಾಕೆಂದರೆ 39 ಹರ್ಟ್ಸ್‌ನ ಆ ಸ್ವರ ಸಾಮಾನ್ಯ ಶ್ರುತಿಯ ನಾಲ್ಕು ತಂತಿಯ ಬೇಸಿನಲ್ಲಿ ಇಲ್ಲವೇ ಇಲ್ಲ. ನಿಜವಾದ ವಾದಕರು ಏನು ಮಾಡುತ್ತಾರೆ? ಬಿರಡೆ ತಿರುಗಿಸಿ ನಾಲ್ಕೂ ತಂತಿಗಳನ್ನು ಅರ್ಧ ಸ್ವರ ಸಡಿಲಿಸುತ್ತಾರೆ, ಬೆರಳು ಎಂದಿನಂತೆ ಓಡುತ್ತದೆ. ನಾನೂ ಅದನ್ನೇ ಮಾಡಿದೆ. ಬೇಸಿನ ಮಿಡಿಯನ್ನು ಮತ್ತೆ ಇ ಶ್ರುತಿಗೆ ತಂದಿಟ್ಟು, ಲೈಬ್ರರಿಯ ಟ್ಯೂನ್ ಗುಂಡಿಯನ್ನು ಅರ್ಧ ಸ್ವರ ಇಳಿಸಿದೆ. ಕೀಸ್ವಿಚ್‌ಗಳು ಇದ್ದಲ್ಲೇ ಇದ್ದವು, ಬಿಟ್ಟ ತಂತಿಗಳು ಬಿಟ್ಟ ತಂತಿಗಳಾಗಿಯೇ ಉಳಿದವು, ಸಡಿಲ ತಂತಿಯ ಒಂದು ಸಣ್ಣ ಜೋಲು ಕೂಡ ಬಂತು. ಭಜನೆಗೆ ಅದು ಇನ್ನೂ ಚೆನ್ನಾಗಿ ಹೊಂದಿತು.

ಉಳಿದ ಚಿಲ್ಲರೆ

ಜಾರು ಗಮಕ ಹಾಕಲು ಹೋಗಿ ಸ್ವರ ಎಲ್ಲೆಲ್ಲೋ ಹಾರಿದರೆ, ಪಿಚ್ ಬೆಂಡಿನ ಮಿತಿ ತಂತ್ರಾಂಶದಲ್ಲಿ ಒಂದು, ಲೈಬ್ರರಿಯಲ್ಲಿ ಇನ್ನೊಂದು ಇದೆ. ರೂಢಿಯ ಮಿತಿ ಎರಡು ಅರ್ಧ ಸ್ವರ. ಲೈಬ್ರರಿಯಲ್ಲಿ 12 ಎಂದಿದ್ದರೆ ನಿಮ್ಮ ಚಿಕ್ಕ ಕಂಪನ ಜೋಕಾಲಿಯಾಗುತ್ತದೆ. ಇನ್ನೊಂದು ವಿಷಯ: ಫ್ರೆಟ್ ಇರುವ ಬೇಸಿನಲ್ಲಿ ಜಾರಿದರೆ ಧ್ವನಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಬೆಂಡ್ ಚಕ್ರ ಎಣ್ಣೆ ಹಚ್ಚಿದಂತೆ ಏರಿಸುತ್ತದೆ, ಅದು ಫ್ರೆಟ್ ಇಲ್ಲದ ಬೇಸಿನ ಗುಣ. ದೂರದ ಜಾರಿಗೆ ಲೈಬ್ರರಿಯದ್ದೇ ಸ್ಲೈಡ್ ಮುದ್ರಣ ಇದ್ದರೆ ಅದನ್ನು ಹಾಕಿ.

ಮಿಶ್ರಛಾಪುವಿನಲ್ಲಿ ಬೇಸ್ ಒಣಗಿದಂತೆ ಕೇಳಿಸಿದರೆ ಸ್ವರ ಸೇರಿಸಬೇಡಿ, ಸತ್ತ ಸ್ವರ ಸೇರಿಸಿ. ತಕಿಟ ತಕಧಿಮಿಯಲ್ಲಿ ಎರಡು ತಕಾರಕ್ಕೆ ನಿಜವಾದ ಸ್ವರ, ಒಂದೆರಡು ಕಡೆ ಶ್ರುತಿಯಿಲ್ಲದ ಡಬ್ ಎಂಬ ಸದ್ದು, 40ರ ಆಸುಪಾಸಿನ ವೆಲಾಸಿಟಿಯಲ್ಲಿ.

ಒಂದು ಸ್ವರ ಮೊದಲ ಸಲ ನುಡಿಸುವಾಗ ತುಂಡಾಗಿ, ಎರಡನೇ ಸಲ ಸರಿಯಾಗಿ ಬಂದರೆ ದೋಷ ನಿಮ್ಮದಲ್ಲ, ಹಳೆಯ ಹಾರ್ಡ್ ಡಿಸ್ಕಿನದು. ಸ್ಯಾಂಪಲ್ ಓದಿ ತರಲು ಅದಕ್ಕೆ ಹೊತ್ತು ಸಾಲುತ್ತಿಲ್ಲ. ಪ್ರಿಲೋಡ್ (ಮೊದಲೇ ಮೆಮೊರಿಗೆ ತಂದಿಡುವ ಭಾಗ) ಹೆಚ್ಚಿಸಿ, ಆಗದಿದ್ದರೆ ಲೈಬ್ರರಿಯನ್ನು ಎಸ್ಎಸ್‌ಡಿಗೆ ಹಾಕಿ. ನುಡಿಸುವಾಗ ಕೈಗೂ ಕಿವಿಗೂ ಹೊಂದದಿದ್ದರೆ ಬಫರ್ (ಕಂಪ್ಯೂಟರು ಧ್ವನಿಯನ್ನು ಒಂದು ಸಲಕ್ಕೆ ಎಷ್ಟು ಕೂಡಿಟ್ಟು ಹೊರಡಿಸುತ್ತದೆ ಎಂಬ ಅಳತೆ) ನೋಡಿ: 44.1 ಕಿಲೋಹರ್ಟ್ಸ್‌ನಲ್ಲಿ 1024ರ ಬಫರ್ ಅಂದರೆ 23 ಮಿಲಿಸೆಕೆಂಡು, 256 ಅಂದರೆ ಸುಮಾರು 6. ನುಡಿಸುವಾಗ ಕಡಿಮೆ, ಮಿಕ್ಸ್ ಮಾಡುವಾಗ ಹೆಚ್ಚು.

ಇನ್ನು "ಮೊಬೈಲಿನಲ್ಲಿ ಬೇಸ್ ಕೇಳಿಸುವುದೇ ಇಲ್ಲ" ಎಂಬ ಫೋನ್ ಕರೆ. 41 ಹರ್ಟ್ಸ್‌ನ ಮೂಲಧ್ವನಿಯನ್ನು ಮೊಬೈಲಿನ ಸ್ಪೀಕರ್ ಹೊರಡಿಸಲಾರದು, ಮಂದಿರದ ಮಾಡಿಗೆ ಕಟ್ಟಿದ ಕಹಳೆ ಸ್ಪೀಕರಂತೂ ಕೇಳಲೇಬೇಡಿ. ಅಲ್ಲಿ ಕೇಳಿ ಬೇಸ್ ಏರಿಸುತ್ತ ಹೋದರೆ ಕಾರಿನಲ್ಲಿ ಬಾಗಿಲು ಅದುರುತ್ತದೆ. ಬದಲಿಗೆ ಸ್ವಲ್ಪ ಸ್ಯಾಚುರೇಶನ್ (ಧ್ವನಿಯನ್ನು ತುಸು ಒಡೆಯುವ ಎಫೆಕ್ಟ್) ಕೊಟ್ಟರೆ 82, 123 ಹರ್ಟ್ಸ್‌ನಿಂದ ಮೇಲಕ್ಕೆ ಸಾಗುವ ಉಪಸ್ವರಗಳು ಗಟ್ಟಿಯಾಗುತ್ತವೆ, ಅವುಗಳಲ್ಲಿ ಮೇಲಿನವು ಸಣ್ಣ ಸ್ಪೀಕರಿನಲ್ಲೂ ಕೇಳಿಸುತ್ತವೆ. ಅವನ್ನು ಕೇಳಿದ ಕಿವಿ ಇಲ್ಲದ ಮೂಲವನ್ನು ತಾನೇ ಊಹಿಸಿಕೊಳ್ಳುತ್ತದೆ.

ಆ ಟೀಚರು ಮುಂದಿನ ವಾರ ಮತ್ತೆ ಬಂದರು. ಗಂಟಲು ಸರಿಯಿಲ್ಲ, ಕಪ್ಪು ಒಂದಕ್ಕೆ ಇಳಿಸಬಹುದೇ ಎಂದು ಕೇಳಿದರು. ಅಲ್ಲಿಗೆ ಇ ಶ್ರುತಿಯಿಂದ ಮೂರು ಅರ್ಧ ಸ್ವರ. ನಾಲ್ಕು ತಂತಿಯನ್ನು ಅಷ್ಟು ಸಡಿಲಿಸಿ ನೋಡಿದೆ, ಧ್ವನಿ ಒದ್ದೆ ಹಗ್ಗದಂತಾಯಿತು. ಐದು ತಂತಿಯ ಬೇಸ್ ತೆರೆದು, ಮಂದ್ರ ಷಡ್ಜವನ್ನು ಕೆಳಗಿನ ಬಿ ತಂತಿಯ ಎರಡನೇ ಫ್ರೆಟ್ಟಿಗೆ ಇಟ್ಟೆ. ಕೀಸ್ವಿಚ್‌ಗಳು ಆ ಲೈಬ್ರರಿಯಲ್ಲಿ ಕೀಬೋರ್ಡಿನ ಮೇಲಿನ ತುದಿಯಲ್ಲಿವೆ. ಈ ಸಲ ಒಂದೇ ಚಹಾದಲ್ಲಿ ಕೆಲಸ ಮುಗಿಯಿತು.